ಖೈರಾತಿಯ ಮೊಕದ್ದಮೆ

ಹಳೆಯ ಕಾನೂನು ವರದಿಗಳನ್ನು ಸಾಹಿತ್ಯಾಸಕ್ತರು ಸಾಮಾನ್ಯವಾಗಿ ತೆರೆದು ನೋಡುವುದಿಲ್ಲ. ಆದರೆ ರಾಜರ ಚರಿತ್ರೆಯಲ್ಲಿ ಸ್ಥಾನವಿಲ್ಲದವರ ಹೆಸರು ಕೆಲವೊಮ್ಮೆ ಅಲ್ಲಿ ಉಳಿದಿರುತ್ತದೆ. ನನ್ನನ್ನು ಬಹುಕಾಲ ಕಾಡಿದ ಅಂಥದೊಂದು ಹೆಸರು ಖೈರಾತಿ.

ಮೊದಲು ಆ ಕಾಲದ ಸನ್ನಿವೇಶವನ್ನು ಹೇಳಬೇಕು. 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು ‘ಪ್ರಕೃತಿವಿರುದ್ಧ’ವಾದ ಸಂಗವನ್ನು ಅಪರಾಧವೆಂದು ಸಾರಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇನ್ನೂ ಮುಂದೆ ಹೋಯಿತು. ಅದರ ಎರಡನೆಯ ಭಾಗವು ಹಿಜಡಾಗಳಿಗೆ ಸಂಬಂಧಿಸಿದ್ದು. ಸಂಶಯಕ್ಕೆ ಒಳಗಾದವರ ಹೆಸರು, ವಾಸಸ್ಥಳಗಳನ್ನು ಸರಕಾರ ಪಟ್ಟಿಮಾಡತಕ್ಕದ್ದು. ಪಟ್ಟಿಯಲ್ಲಿರುವವರು ಹೆಣ್ಣುಡುಗೆಯುಟ್ಟು ಬೀದಿಗೆ ಬಂದರೂ, ಕುಣಿದರೂ, ವಾದ್ಯ ನುಡಿಸಿದರೂ ವಾರಂಟಿಲ್ಲದೆ ಹಿಡಿಯಬಹುದು. ಶಿಕ್ಷೆ 2 ವರ್ಷಗಳವರೆಗಿನ ಸೆರೆವಾಸ. ಉಯಿಲು ಬರೆಯುವ, ದತ್ತು ಸ್ವೀಕರಿಸುವ ಹಕ್ಕೂ ಅವರಿಗಿರಲಿಲ್ಲ.

ಇಂಥ ಕಾಲದಲ್ಲಿ ಮುರಾದಾಬಾದಿನ ಪೊಲೀಸರ ಕಣ್ಣು ಖೈರಾತಿಯ ಮೇಲೆ ಬಿದ್ದಿತು. ಹೆಣ್ಣುಡುಗೆಯುಟ್ಟು ಹೆಂಗಸರ ನಡುವೆ ಹಾಡುತ್ತಿದ್ದುದೇ ಸಂಶಯಕ್ಕೆ ಕಾರಣವಾಯಿತು. ಬಂಧನವಾಯಿತು, ಸಿವಿಲ್ ಸರ್ಜನರಿಂದ ದೇಹದ ತಪಾಸಣೆಯಾಯಿತು. ದೇಹವೇ ಸಾಕ್ಷಿಯಾಗಿ, ಸೆಷನ್ಸ್ ನ್ಯಾಯಾಲಯದಲ್ಲಿ ಅಪರಾಧ ಸಿದ್ಧವಾಯಿತು.

1884ರಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸ್ಟ್ರೇಟ್ ಅವರು ಆ ತೀರ್ಪನ್ನು ರದ್ದುಮಾಡಿದರು. ಕೃತ್ಯ ನಡೆದುದು ಯಾವಾಗ? ಎಲ್ಲಿ? ಯಾರೊಡನೆ? ಆರೋಪದಲ್ಲಿ ಇದಾವುದೂ ಇರಲಿಲ್ಲ. ಆದರೆ ಅದೇ ಉಸಿರಿನಲ್ಲಿ, ಇಂಥ ನಡತೆಯನ್ನು ಅಡಗಿಸಬೇಕೆಂಬ ಅಧಿಕಾರಿಗಳ ಇಚ್ಛೆಯನ್ನೂ ಅವರು ಮೆಚ್ಚಿಕೊಂಡರು. ಬಿಡುಗಡೆ ದೊರೆಯಿತು, ಮರ್ಯಾದೆ ದೊರೆಯಲಿಲ್ಲ.

ನನಗೆ ಮುಖ್ಯವಾಗಿ ತೋರುವುದು ಇದು: ಅಲ್ಲಿ ವಿಚಾರಣೆಗೆ ನಿಂತದ್ದು ಒಂದು ಕೃತ್ಯವಲ್ಲ, ಒಂದು ಬಗೆಯ ಬಾಳು. ಕಳ್ಳನಾಗಲು ಕಳವು ನಡೆಯಬೇಕು. ಖೈರಾತಿಗೆ ಉಡುಗೆಯೂ ಹಾಡೂ ಸಾಕಾದವು.

2014ರ ಏಪ್ರಿಲ್ 15ರಂದು ಲಿಂಗ ಅಲ್ಪಸಂಖ್ಯಾತರ ಹಕ್ಕುಗಳನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟು ಈ ಮೊಕದ್ದಮೆಯನ್ನು ನೆನೆಯಿತು. 2018ರ ಸೆಪ್ಟೆಂಬರ್ 6ರ ತೀರ್ಪು ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧವನ್ನು 377ರಿಂದ ಬಿಡಿಸಿತು. ಆದರೂ ಇದು ದೂರದ ಮುರಾದಾಬಾದಿನ ಹಳೆಯ ಕಥೆಯೆಂದು ಕನ್ನಡಿಗರಾದ ನಾವು ಸಮಾಧಾನಪಡುವಂತಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ಸೇರಿದ 36ಎ ಕಲಮು, ಸಂಶಯಕ್ಕೊಳಗಾದ ಹಿಜಡಾಗಳ ಹೆಸರು, ವಾಸಸ್ಥಳಗಳ ಪಟ್ಟಿಯನ್ನು ಮತ್ತೆ ಕೇಳಿತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಆ ಸಮುದಾಯವನ್ನು ಹೆಸರಿಸಿದ ಪದವನ್ನು ಕಲಮಿನಿಂದ ತೆಗೆದರು.

140 ವರ್ಷಗಳ ಅಂತರ. ಪಟ್ಟಿಯ ಅಂಕಣಗಳು ಮಾತ್ರ ಅವೇ. ಸೆರೆಮನೆಯ ಬಾಗಿಲನ್ನು ನ್ಯಾಯಾಧೀಶರು ತೆರೆಯಬಲ್ಲರು. ನೋಟದ ಸೆರೆಯನ್ನು ತೆರೆಯಬೇಕಾದವರು ನೋಡುವ ನಾವೇ.