ವಿಜಾಪುರದ ಲಾರಿ ನಾಣ್ಯ ಮತ್ತು ಸಂಗ್ರಾಹಕರ ಸೌಂದರ್ಯದೃಷ್ಟಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯು ಬಹುಕಾಲ ವಿಜಾಪುರದ ಆದಿಲಶಾಹಿ ಅರಸರ ಆಳ್ವಿಕೆಗೆ ಒಳಪಟ್ಟಿದ್ದಿತು. 1686ರಲ್ಲಿ ಅಳಿದ ಆ ರಾಜ್ಯದಲ್ಲಿ ಹೊನ್ನು ಬಂಗಾರದ್ದು, ನಿತ್ಯವ್ಯವಹಾರದ ನಾಣ್ಯ ತಾಮ್ರದ್ದು. ಬೆಳ್ಳಿಯಲ್ಲಿ ಪ್ರಸಿದ್ಧವಾದುದು ಎರಡನೆಯ ಅಲಿ ಆದಿಲಶಾಹನ (1656-1672) ಹೆಸರಿನ ಲಾರಿ. ಪಾರಸಿಕ ದೇಶದ ಲಾರ್ ನಗರದಿಂದ ಬಂದ ಹೆಸರಿದು.

ಐದು ಗ್ರಾಮಿಗೆ ತುಸು ಕಡಿಮೆ ತೂಕದ ಬೆಳ್ಳಿಯ ತಂತಿಯನ್ನು ನಡುವೆ ಮಡಿಸಿ, ಎರಡೂ ಬದಿಗೆ ಮುದ್ರೆಯೊತ್ತುತ್ತಿದ್ದರು. ಅಚ್ಚು ಅಗಲ, ತಂತಿ ಕಿರಿದು. ಆದಕಾರಣ ಲೇಖದ ಒಂದು ಪಟ್ಟಿಯಷ್ಟೇ ಅದರಲ್ಲಿ ಮೂಡುತ್ತಿದ್ದಿತು. ಮೊಗಲ ರೂಪಾಯಿಯ ದುಂಡು ಆಕಾರವನ್ನೂ ತುಂಬು ಅಕ್ಷರವನ್ನೂ ಚೆಲುವಿಗೆ ಪ್ರಮಾಣವೆಂದು ಬಗೆದವರಿಗೆ ಇದು ವಿರೂಪವಾಗಿ ತೋರಿದುದು ಸಹಜ. ಆಂಗ್ಲ ಬರಹಗಳಲ್ಲಿ ಇದಕ್ಕೆ ‘ಮೀನುಗಾಳದ ಹಣ’ವೆಂಬ ಹೆಸರೂ ಬಿದ್ದಿತು.

ಈ ಭಾವನೆಯನ್ನು ತಿದ್ದಿದುದು ವ್ಯಾಸಂಗ. 1910ರಲ್ಲಿ ಜಿ. ಪಿ. ಟೇಲರರು ವಿಜಾಪುರದ ಲಾರಿಯನ್ನು ಕುರಿತು ಲೇಖನ ಬರೆದರು. 1934ರಲ್ಲಿ ಹೌಲಂಡ್ ವುಡ್ಡರು ಸಿಂಹಳದ ಗಂಪೊಲದಲ್ಲಿ ದೊರೆತ ಲಾರಿಗಳ ನಿಧಿಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಒಂದರಲ್ಲಿ ಲೋಪವಾದ ಅಕ್ಷರ ಇನ್ನೊಂದರಲ್ಲಿ ಉಳಿದಿರುವುದರಿಂದ, ಹಲವನ್ನು ಕೂಡಿಸಿ ನೋಡಿದಾಗ ಅರಸನ ಹೆಸರೂ ಹಿಜರಿ ವರ್ಷವೂ ತಿಳಿಯುತ್ತವೆ. ತ್ರುಟಿತ ತಾಡವೋಲೆಗಳಿಂದ ಶುದ್ಧಪಾಠವನ್ನು ನಿರ್ಣಯಿಸುವ ಕ್ರಮವೂ ಇದೇ ಅಲ್ಲವೆ?

ಅಂದವಾದುದೊಂದನ್ನು ಆಯ್ದುಕೊಂಡು ಉಳಿದುದನ್ನು ಅಕ್ಕಸಾಲೆಯ ಮೂಸೆಗೆ ಹಾಕಿದರೆ ಆಯ್ದುಕೊಂಡುದರ ಪಾಠವೂ ಅಪೂರ್ಣವಾಗಿಯೇ ಉಳಿಯುವುದು. ಸಂಗ್ರಾಹಕರ ಅಭಿರುಚಿ ಕಾಲಕಾಲಕ್ಕೆ ಮಾರ್ಪಡುವುದು. ಕರಗಿದ ಲೇಖ ಮಾತ್ರ ಮರಳಿ ದೊರೆಯದು. ಆದುದರಿಂದ ನಿಧಿಯನ್ನು ಇಡಿಯಾಗಿ ಕಾಪಾಡುವುದೇ ಶಾಸ್ತ್ರಸಮ್ಮತವಾದ ಮಾರ್ಗ.