ಬೀದರ್‌ನ ಗಾಳಿ, ಎಚ್‌ಟಿ-2ರ ಬಾಲದ ಚಕ್ರ

ಬೀದರ್ ವಿಮಾನಗಳ ಇತಿಹಾಸ ಅಂದರೆ 1996ರಲ್ಲಿ ಇಲ್ಲಿ ಹುಟ್ಟಿದ ಸೂರ್ಯಕಿರಣ ತಂಡವೇ ಎಲ್ಲರಿಗೂ ನೆನಪಾಗುತ್ತದೆ. ಅದಕ್ಕೂ ಬಹಳ ಮೊದಲು, 1960ರ ದಶಕದಲ್ಲಿ, ಇದೇ ವಾಯುನೆಲೆಯಲ್ಲಿ ಹೊಸ ಹುಡುಗರು ಎಚ್‌ಟಿ-2 ಎಂಬ ಪುಟ್ಟ ವಿಮಾನದಲ್ಲಿ ಹಾರಲು ಕಲಿಯುತ್ತಿದ್ದರು. ಹಾರುವುದಕ್ಕಿಂತ ಇಳಿಯುವುದೇ ಅವರಿಗೆ ದೊಡ್ಡ ಪರೀಕ್ಷೆ.

ಮೊದಲ ಕಾಲದ ವಿಮಾನ ನಿಲ್ದಾಣಗಳು ಬರೀ ಹುಲ್ಲಿನ ಬಯಲು. ಗಾಳಿ ಯಾವ ಕಡೆಯಿಂದ ಬಂದರೂ ಪೈಲಟ್ ಅದಕ್ಕೆ ಎದುರಾಗಿ ಇಳಿಯುತ್ತಿದ್ದ. ಡಾಂಬರು ರನ್‌ವೇ ಬಂದ ಮೇಲೆ ದಿಕ್ಕು ಗಟ್ಟಿಯಾಯಿತು, ಗಾಳಿಯ ದಿಕ್ಕು ಮಾತ್ರ ಬದಲಾಗುತ್ತಲೇ ಇತ್ತು. ಅಡ್ಡಗಾಳಿಯ ಸಮಸ್ಯೆ ದೊಡ್ಡದಾದದ್ದು ಹೀಗೆ.

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ಮೊದಲು ಹಾರಿದ್ದು 1951ರ ಆಗಸ್ಟ್‌ನಲ್ಲಿ. ಅದರ ಮೂರನೇ ಚಕ್ರ ಬಾಲದಲ್ಲಿತ್ತು. ಕೈಗಾಡಿಯನ್ನು ಮುಂದಿನಿಂದ ಎಳೆದರೆ ನೆಟ್ಟಗೆ ಬರುತ್ತದೆ, ಹಿಂದಿನಿಂದ ತಳ್ಳಿದರೆ ಅಡ್ಡ ತಿರುಗುತ್ತದೆ. ಬಾಲಚಕ್ರದ ವಿಮಾನದಲ್ಲಿ ಭಾರ ಮುಖ್ಯ ಚಕ್ರಗಳ ಹಿಂದಿರುತ್ತದೆ. ಪಕ್ಕದ ಗಾಳಿ ಬಾಲವನ್ನು ಒಮ್ಮೆ ತಳ್ಳಿತೆಂದರೆ ಆ ಹೊರಳು ಹೆಚ್ಚುತ್ತಲೇ ಹೋಗಿ ವಿಮಾನ ಗಿರಕಿ ಹೊಡೆಯಬಹುದು, ರೆಕ್ಕೆ ನೆಲಕ್ಕೆ ಉಜ್ಜಬಹುದು. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ. ಎಚ್‌ಟಿ-2ರ ಜಾಗಕ್ಕೆ ಬಂದ ಎಚ್‌ಪಿಟಿ-32 ದೀಪಕ್‌ಗೆ ಮೂರನೇ ಚಕ್ರ ಮೂತಿಯ ಕೆಳಗಿತ್ತು. ಭಾರ ಮುಖ್ಯ ಚಕ್ರಗಳ ಮುಂದೆ ಬಂದು, ವಿಮಾನ ತಾನಾಗಿ ನೆಟ್ಟಗಾಗುವಂತಾಯಿತು. 2008ರಲ್ಲಿ ಬೀದರ್‌ನಲ್ಲಿ ಅಧಿಕೃತವಾಗಿ ಸೇವೆಗೆ ಸೇರಿದ ಹಾಕ್ ಜೆಟ್ ಕೂಡ ಇದೇ ಬಗೆಯದು.

ಚಕ್ರ ಜಾಗ ಬದಲಿಸಿದರೂ ಅಪಾಯ ಪೂರ್ತಿ ಹೋಗಲಿಲ್ಲ. 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್ ವೇಗದ ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಾಗಿದ್ದರೆ ಅಡ್ಡಪೆಟ್ಟು 10 ನಾಟ್, ಪೂರ್ತಿ ಪಕ್ಕದಿಂದ ಬಂದರೆ 20. ನಿಧಾನವಾಗಿ ಇಳಿಯುವ ಸಣ್ಣ ವಿಮಾನಕ್ಕೆ ಇದು ಭಾರಿ ವ್ಯತ್ಯಾಸ. ಒಂದೇ ಸಮ ಬೀಸುವ ಗಾಳಿಯನ್ನು ರೆಕ್ಕೆ ಓರೆ ಮಾಡಿ ಸರಿದೂಗಿಸಬಹುದು. ಬಿಟ್ಟು ಬಿಟ್ಟು ಬೀಸುವ ರಭಸದ ಗಾಳಿ ಲೆಕ್ಕ ತಪ್ಪಿಸುವುದು ಚಕ್ರ ನೆಲ ಮುಟ್ಟುವ ಆ ಕೊನೆಯ ಕ್ಷಣದಲ್ಲೇ. ಆಗ ಇಂಜಿನ್ ಏರಿಸಿ ಮತ್ತೆ ಮೇಲೇಳುವುದು ಸೋಲಲ್ಲ, ಕಲಿತ ಪಾಠ.

ಭಾಲ್ಕಿಯಲ್ಲೋ ಔರಾದದಲ್ಲೋ ಕೂತು ಸುದ್ದಿ ಬರೆಯುವ ನಮ್ಮಂಥವರಿಗೂ ಇದರಲ್ಲಿ ಪಾಠವಿದೆ. ಸಣ್ಣ ವಿಮಾನ ಇಳಿಯುವಾಗ ಜಾರಿತು ಎಂಬ ಸುದ್ದಿ ಬಂದ ಕೂಡಲೇ ‘ಪೈಲಟ್ ತಪ್ಪು’ ಎಂದು ತಲೆಬರಹ ಕೊಡುವುದು ಸುಲಭ. ಅದಕ್ಕೂ ಮೊದಲು ಮೂರು ಪ್ರಶ್ನೆ ಕೇಳೋಣ: ಗಾಳಿ ಎಷ್ಟಿತ್ತು, ಯಾವ ಕಡೆಯಿಂದ ಬೀಸುತ್ತಿತ್ತು, ರನ್‌ವೇ ಯಾವ ದಿಕ್ಕಿಗಿತ್ತು? ಒಳಗೆ ಕೂತಿದ್ದವನ ಮನೆಯವರೂ ಆ ಸುದ್ದಿ ಓದುತ್ತಾರೆ.