ಐಡ್ಲಿಂಗಿನಲ್ಲಿ ಬಂದ್ ಬೀಳುವ ಗರಗಸ

ಮೊದಲೇ ಹೇಳಿಬಿಡ್ತೀನಿ, ಇದು ಅರ್ಧ ಇತಿಹಾಸ, ಅರ್ಧ ರಿಪೇರಿ. ಚೈನ್‌ಸಾ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಹೇಳುವ ದೂರು: ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತೆ, ಆಕ್ಸಿಲರೇಟರ್ ಒತ್ತಿದರೆ ಅಬ್ಬರಿಸುತ್ತೆ, ಬೆರಳು ತೆಗೆದ ಕೂಡಲೇ ಬಂದ್ ಬೀಳುತ್ತೆ. ಕ್ಯಾಸಲ್‌ರಾಕ್, ಜೋಯಿಡಾ ಕಡೆ ನಾನು ಇದನ್ನು ಹೆಚ್ಚಾಗಿ ಕೇಳಿರುವುದು ಜೂನ್ ತಿಂಗಳಲ್ಲಿ. ಯಾಕೆ ಜೂನ್? ಉತ್ತರ ಹುಡುಕುತ್ತಾ ಹೋದರೆ ಯಂತ್ರದ ಚರಿತ್ರೆ, ನಮ್ಮ ಕಾಡಿನ ಚರಿತ್ರೆ ಎರಡೂ ಎದುರಾಗುತ್ತವೆ.

ಹಳೇ ಕಾಲದಿಂದ ಶುರು ಮಾಡೋಣ. 1878ರ ಬ್ರಿಟಿಷ್-ಪೋರ್ಚುಗೀಸ್ ಒಪ್ಪಂದದ ನಂತರ ಮುರ್ಮಗೋವಾ ಬಂದರಿನಿಂದ ಘಾಟಿ ಹತ್ತಿಸಿ ತಂದ ಮೀಟರ್ ಗೇಜ್ ಹಳಿ 1888ರ ಹೊತ್ತಿಗೆ ಕ್ಯಾಸಲ್‌ರಾಕ್ ಮುಟ್ಟಿತು. ಮೂವತ್ತೇಳು ಅಡಿ ಮುಂದೆ ಹೋದರೆ ಒಂದಡಿ ಮೇಲೇರುವ ಘಾಟಿ ಅದು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆ ಆಗುವವರೆಗೂ ಇದು ಗಡಿಯ ಸ್ಟೇಷನ್. ಆ ಹಳಿ ಹಾಕುವಾಗ ಕಾಡು ಸವರಿದ್ದು ಕೊಡಲಿ ಮತ್ತು ಕೈಗರಗಸ. ಹಲಗೆ ಕೊಯ್ಯುವಾಗ ದಿಮ್ಮಿಯ ಮೇಲೊಬ್ಬ, ಕೆಳಗೊಬ್ಬ. ಕೆಳಗಿನವನ ಕಣ್ಣಿಗೆ ಇಡೀ ದಿನ ಹೊಟ್ಟು! ಆ ಗರಗಸಕ್ಕೆ ಐಡ್ಲಿಂಗ್ ಅನ್ನೋದೇ ಇಲ್ಲ ನೋಡಿ. ಮನುಷ್ಯ ನಿಂತರೆ ಅದೂ ನಿಲ್ಲುತ್ತದೆ. ಆರು ತಿಂಗಳು ಅಟ್ಟದ ಮೇಲಿಟ್ಟು ತೆಗೆದರೂ ಅರ ಹಾಕಿದರೆ ಆಯಿತು.

ಪೆಟ್ರೋಲ್ ಗರಗಸ ಬಂದದ್ದು ಜರ್ಮನಿಯಿಂದ. ಎಮಿಲ್ ಲೆರ್ಪ್ 1927ರಲ್ಲಿ ತನ್ನ ಯಂತ್ರವನ್ನು ಥುರಿಂಗಿಯಾದ ಡೋಲ್ಮಾರ್ ಬೆಟ್ಟದ ಮೇಲೆ ಪರೀಕ್ಷಿಸಿ, ಬೆಟ್ಟದ ಹೆಸರನ್ನೇ ಅದಕ್ಕಿಟ್ಟ. ಆಂಡ್ರಿಯಾಸ್ ಸ್ಟಿಲ್ 1929ರಲ್ಲಿ ತಂದ ಪೆಟ್ರೋಲ್ ಗರಗಸ 46 ಕಿಲೋ ತೂಗುತ್ತಿತ್ತು, ಹಿಡಿಯಲು ಇಬ್ಬರು ಬೇಕು. 1950ರಲ್ಲಿ ಅದೇ ಕಂಪನಿಯ ಒಬ್ಬನೇ ಹಿಡಿಯುವ ಗರಗಸ 16 ಕಿಲೋಗೆ ಇಳಿಯಿತು. 1959ರ 'ಕಾಂಟ್ರಾ' 12 ಕಿಲೋ.

ತೂಕಕ್ಕಿಂತ ದೊಡ್ಡ ತಲೆನೋವು ಕಾರ್ಬುರೇಟರಿನದು. ಹಳೇ ಸ್ಕೂಟರಿನಲ್ಲಿ ನೋಡಿರಬಹುದು, ಒಂದು ಪುಟ್ಟ ಬಟ್ಟಲಿನಲ್ಲಿ ಪೆಟ್ರೋಲ್ ನಿಂತು, ಅದರಲ್ಲೊಂದು ಫ್ಲೋಟ್ ತೇಲುತ್ತಿರುತ್ತದೆ. ಗಾಡಿ ಅಡ್ಡ ಬಿದ್ದರೆ ಪೆಟ್ರೋಲ್ ಚೆಲ್ಲುತ್ತದೆ. ಮರ ಬೀಳಿಸುವಾಗ ಗರಗಸವನ್ನು ಅಡ್ಡ ಹಿಡಿಯಲೇಬೇಕಲ್ಲ? ಇದಕ್ಕೆ ಸಿಕ್ಕ ಪರಿಹಾರ ಡಯಾಫ್ರಂ ಕಾರ್ಬುರೇಟರ್. ಬಟ್ಟಲಿನ ಬದಲು ತೆಳ್ಳನೆಯ ಒಂದು ಪೊರೆ. ಎಂಜಿನ್ ಗಾಳಿ ಎಳೆದಾಗ ಪೊರೆ ಬಾಗಿ ಸೂಜಿಯನ್ನು ಎತ್ತುತ್ತದೆ, ಬೇಕಾದಷ್ಟೇ ಪೆಟ್ರೋಲ್ ಒಳಗೆ ಬರುತ್ತದೆ. 1950ರ ದಶಕದಲ್ಲಿ ಇದು ಬಳಕೆಗೆ ಬಂದ ಮೇಲೆ ಗರಗಸವನ್ನು ತಲೆಕೆಳಗು ಹಿಡಿದರೂ ಓಡತೊಡಗಿತು.

ಆದರೆ ಐಡ್ಲಿಂಗಿನಲ್ಲಿ ಎಳೆತ ಬಹಳ ಕಡಿಮೆ. ಪೆಟ್ರೋಲ್ ಬರುವುದು ಸೂಜಿಮೊನೆಯಷ್ಟು ತೂತಿನಿಂದ. ಪೊರೆ ಸ್ವಲ್ಪ ಬಿರುಸಾದರೂ, ತೂತಿಗೆ ಚೂರು ಜಿಡ್ಡು ಹಿಡಿದರೂ ಜೋರಾಗಿ ಓಡುವಾಗ ಗೊತ್ತಾಗುವುದಿಲ್ಲ, ಐಡ್ಲಿಂಗಿನಲ್ಲಿ ಬಂದ್ ಬೀಳುತ್ತದೆ. ಪೊರೆ ಬಿರುಸಾಗುವುದು, ಜಿಡ್ಡು ಕಟ್ಟುವುದು ಹೆಚ್ಚಾಗಿ ಯಂತ್ರ ಸುಮ್ಮನೆ ಕೂತಾಗ.

ಇಲ್ಲಿಗೆ ನಮ್ಮ ಕಾಡಿನ ಕಥೆ ಬರುತ್ತದೆ. 1955ರಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು, ಮರುವರ್ಷವೇ ವನ್ಯಧಾಮವೂ ಆಯಿತು. ಆ ಕಾಲದಲ್ಲಿ ನಾಟಾ ಕಡಿಯುವುದು ಇಲ್ಲಿ ದೊಡ್ಡ ಕಸುಬು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡರು. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಿಂದ ಅದರ ಹೆಸರು ಕಾಳಿ. ದಿನವಿಡೀ ಕಡಿಯುವ ಕಾಲ ಹೋಯಿತು. ಹೋಗಿದ್ದು ಒಳ್ಳೆಯದೇ. ಈಗ ಊರಿನ ಗರಗಸಕ್ಕೆ ನಿಜವಾದ ಕೆಲಸ ಮಳೆಗಾಲದ್ದು. ರಾಜ್ಯದಲ್ಲೇ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಕ್ಯಾಸಲ್‌ರಾಕ್ ಒಂದು. ರಾತ್ರಿ ರಸ್ತೆಗೆ ಮರ ಬಿದ್ದರೆ ಆ ಕಡೆಯವರಿಗೆ ಆಸ್ಪತ್ರೆಯೂ ಇಲ್ಲ, ಬಸ್ಸೂ ಇಲ್ಲ. ಹೆರಿಗೆ ನೋವಿನವಳನ್ನು ಕೂರಿಸಿಕೊಂಡ ಜೀಪು ಕತ್ತಲಲ್ಲಿ ನಿಂತಿದೆ ಅಂತಿಟ್ಟುಕೊಳ್ಳಿ. ಎಂಟು ತಿಂಗಳು ಮೂಲೆಯಲ್ಲಿ ಕೂತಿದ್ದ ಯಂತ್ರ ಆಗಲೇ ಓಡಬೇಕು!

ಇದರ ಮೇಲೆ ಪೆಟ್ರೋಲಿನ ಹೊಸ ಕಥೆ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಯೋಜನೆ 2003ರಲ್ಲಿ ಶೇ. 5ರಿಂದ ಶುರುವಾಗಿ, 2022ರಲ್ಲಿ ಶೇ. 10, 2025ರಲ್ಲಿ ಶೇ. 20 ಮುಟ್ಟಿತು. ಹಳಿಯಾಳದಂಥ ಕಬ್ಬಿನ ಸೀಮೆಗೆ ಇದು ಸಿಹಿ ಸುದ್ದಿ. ಆದರೆ ಎಥೆನಾಲ್ ನೀರು ಹೀರುತ್ತದೆ. ತೇವದ ಹವೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ನೀರು ಸೇರಿದ ಎಥೆನಾಲ್ ಬೇರ್ಪಟ್ಟು ತಳಕ್ಕೆ ಇಳಿಯಬಹುದು. ಗರಗಸದ ಟ್ಯಾಂಕಿನಲ್ಲಿ ಫಿಲ್ಟರ್ ಇರುವುದೂ ತಳದಲ್ಲೇ. ಹಲವು ತಯಾರಕರು ಶೇ. 10 ಮೀರಬೇಡಿ ಎಂದೇ ಪುಸ್ತಿಕೆಯಲ್ಲಿ ಬರೆದಿರುತ್ತಾರೆ. ಹಳೇ ರಬ್ಬರಿನ ಪೊರೆಗೂ ಇದು ಹಿಡಿಸುವುದಿಲ್ಲ.

ಸರಿ, ರಿಪೇರಿ. ಸುಲಭದ್ದರಿಂದ ಕಷ್ಟದ್ದಕ್ಕೆ ಹೋಗಿ:

1. ಹಳೇ ಪೆಟ್ರೋಲ್ ತೆಗೆದು, ಪುಸ್ತಿಕೆ ಹೇಳಿದ ಅಳತೆಯಲ್ಲಿ ಟು-ಸ್ಟ್ರೋಕ್ ಆಯಿಲ್ ಸೇರಿಸಿದ ಹೊಸದನ್ನು ಹಾಕಿ. 1:50 ಅಂದರೆ ಲೀಟರಿಗೆ 20 ಮಿ.ಲೀ.

2. ಏರ್ ಫಿಲ್ಟರ್ ತೊಳೆದು ಒಣಗಿಸಿ. ಸ್ಪಾರ್ಕ್ ಪ್ಲಗ್ ನೋಡಿ. ಸೈಲೆನ್ಸರಿನ ಜಾಲರಿಗೆ ಮಸಿ ಕಟ್ಟಿದೆಯಾ ನೋಡಿ.

3. ಸ್ವಲ್ಪ ಹೊತ್ತು ಓಡಿ ನಿಂತರೆ, ಎಂಜಿನ್ ಆರಿದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಹಾಕಿ. ಮತ್ತೆ ಸರಿಯಾಗಿ ಓಡಿದರೆ ಗಾಳಿಯ ದಾರಿ ಕಟ್ಟಿದೆ ಅಂತ ಅರ್ಥ. ಟ್ಯಾಂಕಿನೊಳಗಿನ ಫಿಲ್ಟರನ್ನೂ ಬದಲಿಸಿ.

4. ಇಷ್ಟಾದ ಮೇಲೆ 'ಎಲ್' ಸ್ಕ್ರೂ. ನಿಲ್ಲುವ ಮುಂಚೆ ಎಂಜಿನ್ ಕಿರುಚಿದರೆ ಪೆಟ್ರೋಲ್ ಕಡಿಮೆ ಬರುತ್ತಿದೆ. ಗೊರಗೊರ ಅಂದು ಹೊಗೆ ಬಿಟ್ಟು ನಿಂತರೆ ಹೆಚ್ಚಾಗಿದೆ. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸಬೇಡಿ.

5. ಆಗಲೂ ಬಗ್ಗದಿದ್ದರೆ ಕಾರ್ಬುರೇಟರ್ ಬಿಚ್ಚಿ ಪೊರೆ ಬದಲಿಸಬೇಕು. ಗರಗಸ ಓರೆ ಮಾಡಿದಾಗ ಐಡ್ಲಿಂಗ್ ಏರಿಳಿದರೆ ಎಲ್ಲೋ ಗಾಳಿ ಸೋರುತ್ತಿರಬಹುದು. ಅದು ಮೆಕ್ಯಾನಿಕ್ ಕೆಲಸ.

ಹೆಚ್ಚಿನವರು ಇದೆಲ್ಲ ಬಿಟ್ಟು ನೇರ ಐಡ್ಲಿಂಗ್ ಸ್ಕ್ರೂ ತಿರುಗಿಸಿ ಸ್ಪೀಡ್ ಏರಿಸುತ್ತಾರೆ. ಎಂಜಿನ್ ನಿಲ್ಲುವುದೇನೋ ತಪ್ಪುತ್ತದೆ. ಆದರೆ ಅಪಾಯ ಇರುವುದೇ ಇಲ್ಲಿ. ಐಡ್ಲಿಂಗಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತದೆ. ಅಷ್ಟರಲ್ಲಿ ಕ್ಲಚ್ ಹಿಡಿಯುವುದಿಲ್ಲ, ಚೈನ್ ನಿಂತಿರುತ್ತದೆ. ಸ್ಪೀಡ್ ಏರಿಸಿದರೆ ಕ್ಲಚ್ ಹಿಡಿದು, ಬೆರಳು ತೆಗೆದರೂ ಚೈನ್ ತಿರುಗುತ್ತಲೇ ಇರುತ್ತದೆ. ಮಳೆಯಲ್ಲಿ ಜಾರುವ ದಿಮ್ಮಿಯ ಮೇಲೆ, ಬ್ಯಾಟರಿ ಬೆಳಕಿನಲ್ಲಿ, ಹಾಗೆ ತಿರುಗುವ ಚೈನು ತೊಡೆಯ ಪಕ್ಕದಲ್ಲಿ! ಚೈನ್ ತಿರುಗುತ್ತಿದ್ದರೆ ಸ್ಕ್ರೂ ವಾಪಸ್ ಬಿಡಿ. ಅದು ನಿಂತಮೇಲೂ ಎಂಜಿನ್ ಓಡುತ್ತಿದ್ದರೆ ಮಾತ್ರ ಗರಗಸ ಸರಿಯಾಗಿದೆ ಅನ್ನಿ.

ಮಳೆಗಾಲ ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದಿದ್ದು ತೀರುವವರೆಗೆ ಓಡಿಸಿ ಇಡಿ. ಮೇ ತಿಂಗಳಲ್ಲಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಿ. ಅಂದ ಹಾಗೆ, ದಿಮ್ಮಿಯ ಮೇಲೊಬ್ಬ ಕೆಳಗೊಬ್ಬ ನಿಂತು ಕೊಯ್ಯುವ ಆ ಗರಗಸಕ್ಕೆ ನಿಮ್ಮ ಊರಲ್ಲಿ ಏನಂತಾರೆ? ಹಿರಿಯರನ್ನು ಕೇಳಿ ತಿಳಿಸಿ, ಹೆಸರುಗಳನ್ನು ಕೂಡಿಹಾಕ್ತಿದ್ದೀನಿ.